ಚಂಡಮಾರುತಕ್ಕೆ ಮುನ್ನ ಬಂದರಿನಲ್ಲಿ ಬೋಟುಗಳನ್ನು ಕಾಪಾಡುವುದು ಹೇಗೆ?

ಬಂದರಿನೊಳಗೆ ತಂದು ಕಟ್ಟಿದ ಮಾತ್ರಕ್ಕೆ ಬೋಟು ಸುರಕ್ಷಿತವಾಯಿತೆಂದು ತಿಳಿಯುವಂತಿಲ್ಲ. ಅಲೆತಡೆಗೋಡೆಯ ಒಳಗೆ ಅಲೆ ತಗ್ಗುತ್ತದೆಯೇ ಹೊರತು ಗಾಳಿ ತಗ್ಗುವುದಿಲ್ಲ. ಪಕ್ಕದ ಬೋಟು ಬಂದು ಬಡಿಯುವುದು, ದಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಕಾಂಕ್ರೀಟಿಗೆ ಮೈ ಉಜ್ಜುವುದು, ಗಿಡ್ಡ ಹಗ್ಗ ಕಿತ್ತುಹೋಗುವುದು, ಇವೇ ಬಂದರಿನೊಳಗಿನ ಹಾನಿಗೆ ಮುಖ್ಯ ಕಾರಣಗಳು. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಹಳೆ ಬಂದರುಗಳಲ್ಲಿ ಬೋಟುಗಳನ್ನು ಒಂದಕ್ಕೊಂದು ಕಟ್ಟಿ ಸಾಲುಸಾಲಾಗಿ ನಿಲ್ಲಿಸುವುದರಿಂದ, ಒಬ್ಬ ಮಾಲೀಕರ ಸವೆದ ಹಗ್ಗ ಇಡೀ ಸಾಲಿಗೆ ಅಪಾಯ ತರಬಲ್ಲದು. ಆದ್ದರಿಂದ ಇಲ್ಲಿ ಹೇಳುವ ಕೆಲಸಗಳನ್ನು ಒಂದೊಂದು ಬೋಟಿನವರು ತಮ್ಮಷ್ಟಕ್ಕೆ ಮಾಡಿಕೊಂಡರೆ ಸಾಲದು, ಸಾಲಿನವರೆಲ್ಲ ಕೂಡಿ ಮಾಡಬೇಕು.

ಮುನ್ನೆಚ್ಚರಿಕೆಯನ್ನು ಓದಿಕೊಳ್ಳುವುದು

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಮುಖ್ಯವಾಗಿ ಮುಂಗಾರಿಗೆ ಮುನ್ನ ಮೇ–ಜೂನ್‌ನಲ್ಲಿ ಮತ್ತು ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟುತ್ತವೆ. 2017ರ ಒಖಿ, 2019ರ ಕ್ಯಾರ್, 2021ರ ತೌಕ್ತೆ ಮೂರೂ ಈ ಅವಧಿಗಳಲ್ಲೇ ಬಂದವು. ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು ಕನಿಷ್ಠ 48 ಗಂಟೆ ಮೊದಲು ಹಳದಿ ಬಣ್ಣದಲ್ಲಿ, 24 ಗಂಟೆ ಮೊದಲು ಕಿತ್ತಳೆ ಬಣ್ಣದಲ್ಲಿ ಹೊರಡಿಸುತ್ತದೆ. ಹಳದಿ ಬಂದಾಗ ಹಗ್ಗ ಹೊರತೆಗೆಯಬೇಕು, ಕಿತ್ತಳೆ ಬರುವ ಹೊತ್ತಿಗೆ ಕಟ್ಟಿ ಮುಗಿದಿರಬೇಕು. ಬಂದರಿನಲ್ಲಿ ಏರಿಸುವ ಸಂಕೇತಗಳಲ್ಲಿ 1 ಮತ್ತು 2 ದೂರದ ಸಮುದ್ರದ ಸ್ಥಿತಿಯನ್ನು ತಿಳಿಸುತ್ತವೆ. 3 ಮತ್ತು 4 ಬಂದರಿಗೇ ಸಂಬಂಧಿಸಿದವು. 5ರಿಂದ 7 ಅಪಾಯವನ್ನೂ, 8ರಿಂದ 10 ಮಹಾ ಅಪಾಯವನ್ನೂ ಸೂಚಿಸುತ್ತವೆ. ಮೂರನೆಯದು ಏರಿದ ಮೇಲೂ ‘ಇನ್ನೊಂದು ಬಲೆ ಎಳೆದು ಬರೋಣ’ ಎನ್ನುವುದು ತರವಲ್ಲ.

ಒಳಗೆ ಬರುವ ಹೊತ್ತು

ನಮ್ಮ ಕರಾವಳಿಯ ಹೆಚ್ಚಿನ ಮೀನುಗಾರಿಕಾ ಬಂದರುಗಳು ನದಿಗಳು ಕಡಲು ಸೇರುವ ಅಳಿವೆಯಲ್ಲಿವೆ. ಗಂಗೊಳ್ಳಿ, ಹೊನ್ನಾವರ, ತದಡಿ ಎಲ್ಲೆಡೆಯೂ ಅಳಿವೆ ಬಾಗಿಲಿನಲ್ಲಿ ಹೂಳು ಮತ್ತು ಮರಳಿನ ದಿಬ್ಬಗಳು ಇರುತ್ತವೆ. ಚಂಡಮಾರುತ ನೂರಾರು ಕಿಲೋಮೀಟರ್ ದೂರವಿರುವಾಗಲೇ ಅದು ಎಬ್ಬಿಸಿದ ಉದ್ದನೆಯ ಅಲೆಗಳು ದಡ ತಲುಪಿ ಈ ದಿಬ್ಬಗಳ ಮೇಲೆ ಮುರಿಯತೊಡಗುತ್ತವೆ. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದ ದಿನವೂ ಬಾಗಿಲು ದಾಟುವುದು ಪ್ರಾಣಾಪಾಯವಾಗಬಹುದು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಹೊರಡಿಸುವ ಎತ್ತರದ ಅಲೆಗಳ ಮುನ್ಸೂಚನೆಯನ್ನು ಗಾಳಿಯ ಮುನ್ಸೂಚನೆಯಷ್ಟೇ ಗಮನವಿಟ್ಟು ನೋಡಬೇಕಾದುದು ಇದಕ್ಕಾಗಿಯೇ. ಅಲೆ ಏಳುವ ಮೊದಲು, ಹಗಲು ಬೆಳಕಿನಲ್ಲಿ, ಉಬ್ಬರ ಏರುತ್ತಿರುವಾಗ ಒಳಬರುವುದು ಉತ್ತಮ. ಆಳಸಮುದ್ರದಲ್ಲಿರುವ ಬೋಟುಗಳ ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಊರಿನ ಬಂದರಿಗೇ ಮರಳಬೇಕೆಂಬ ಹಟ ಬಿಟ್ಟು ಹತ್ತಿರದ ಬಂದರನ್ನು ಸೇರಬೇಕು. ಕ್ಯಾರ್ ಚಂಡಮಾರುತದ ವೇಳೆ ಹೊರರಾಜ್ಯಗಳ ಬೋಟುಗಳೂ ಕಾರವಾರದಲ್ಲಿ ಆಶ್ರಯ ಪಡೆದಿದ್ದವು. ಆಪತ್ಕಾಲದಲ್ಲಿ ಯಾವ ಬಂದರೂ ಪರರದಲ್ಲ.

ಜಾಗ ಮತ್ತು ದಿಕ್ಕು

ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೆ ಉತ್ತರ ಗಾಳಿಯ ದಿಕ್ಕಿನಲ್ಲಿದೆ. ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ತೌಕ್ತೆಯಂತೆ ಅದು ದಡಕ್ಕೆ ಸಮಾನಾಂತರವಾಗಿ ಪಶ್ಚಿಮದಲ್ಲಿ ಉತ್ತರಮುಖವಾಗಿ ಸಾಗಿದರೆ, ಕರ್ನಾಟಕದ ಬಂದರಿಗೆ ಗಾಳಿ ಮೊದಲು ಆಗ್ನೇಯದಿಂದ, ಬಳಿಕ ದಕ್ಷಿಣದಿಂದ, ಕೊನೆಗೆ ನೈಋತ್ಯದಿಂದ ಬೀಸುತ್ತದೆ. ಅಂದರೆ ಸಂಜೆ ಮರೆಯೆನಿಸಿದ್ದ ಜಾಗ ನಡುರಾತ್ರಿಯ ಹೊತ್ತಿಗೆ ಬಯಲಾಗಬಹುದು. ಒಂದೇ ದಿಕ್ಕನ್ನು ನಂಬಿ ಕಟ್ಟಿದ ಬೋಟುಗಳು ತೊಂದರೆಗೆ ಸಿಲುಕುವುದು ಹೀಗೆ ಗಾಳಿ ತಿರುಗಿದಾಗಲೇ. ಅಳಿವೆ ಬಾಗಿಲಿಗೆ ನೇರವಾಗಿರುವ ದಕ್ಕೆಯನ್ನು ಬಿಟ್ಟು, ಆಳ ಸಾಕಷ್ಟಿದ್ದರೆ ನದಿಯ ಮೇಲ್ಭಾಗದ ತಿರುವಿಗೆ ಬೋಟನ್ನು ಒಯ್ಯುವುದು ಲೇಸು. ಆದರೆ ಭಾರಿ ಮಳೆ ಸುರಿದರೆ ಅಲ್ಲಿ ಪ್ರವಾಹದೊಂದಿಗೆ ಮರದ ದಿಮ್ಮಿಗಳು ತೇಲಿಬರುತ್ತವೆ; ಆದ್ದರಿಂದ ನಡುಹೊಳೆಯಲ್ಲಿ ನಿಲ್ಲಿಸಬಾರದು.

ಕಟ್ಟುವ ವಿಧಾನ

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಗಾಳಿಗೆ ಜಗ್ಗದೆ ನಿಂತ ಹಗ್ಗ 80ಕ್ಕೂ ನಿಲ್ಲುತ್ತದೆಂಬ ಭರವಸೆ ಇಡಲಾಗದು. ಬೋಟಿನ ಮುಂಭಾಗದಿಂದ ಎರಡು, ಹಿಂಭಾಗದಿಂದ ಎರಡು ಹಗ್ಗಗಳನ್ನು ಬೇರೆಬೇರೆ ದಿಕ್ಕಿಗೆ ಎಳೆದು ಕಟ್ಟಬೇಕು. ಇವಲ್ಲದೆ ಬೋಟು ಹಿಂದೆ ಮುಂದೆ ಸರಿಯದಂತೆ ಮೂತಿಯಿಂದ ಹಿಮ್ಮುಖವಾಗಿಯೂ ಬಾಲದಿಂದ ಮುಮ್ಮುಖವಾಗಿಯೂ ಓರೆಯಾಗಿ ಒಂದೊಂದು ಹಗ್ಗ ಹಾಕಬೇಕು. ಎಲ್ಲವನ್ನೂ ದಕ್ಕೆಯ ಒಂದೇ ಗೂಟಕ್ಕೆ ಸುತ್ತಿದರೆ, ಗೂಟ ಕಿತ್ತರೆ ಎಲ್ಲವೂ ಹೋದಂತೆ. ಹಗ್ಗ ಬಿಗಿದಷ್ಟೂ ಕ್ಷೇಮವೆಂಬುದು ತಪ್ಪು ತಿಳಿವಳಿಕೆ. ಉಬ್ಬರದ ಏರಿಕೆಯ ಮೇಲೆ ಚಂಡಮಾರುತ ನೂಕಿತಂದ ನೀರೂ ಸೇರಿದಾಗ, ಗಿಡ್ಡ ಹಗ್ಗ ಬೋಟನ್ನು ಕೆಳಕ್ಕೆಳೆದು ವಾಲಿಸುತ್ತದೆ ಇಲ್ಲವೇ ತಾನೇ ಕಿತ್ತುಹೋಗುತ್ತದೆ. ಉದ್ದನೆಯ ಹಗ್ಗವನ್ನು ದೂರದ ಗೂಟಕ್ಕೆ ಕಟ್ಟಿದರೆ ನೀರು ಏರಿದರೂ ಇಳಿದರೂ ಅದು ಹೊಂದಿಕೊಳ್ಳುತ್ತದೆ. ನೈಲಾನ್ ಹಗ್ಗ ಹಿಗ್ಗಿ ಎಳೆತವನ್ನು ತಾಳಿಕೊಳ್ಳುವುದರಿಂದ ಈ ಕೆಲಸಕ್ಕೆ ಒಳ್ಳೆಯದು. ಬಿಸಿಲಿನಲ್ಲಿ ಬಿದ್ದು ಪುಡಿಯುದುರುವ ಹಳೆಯ ಪ್ಲಾಸ್ಟಿಕ್ ಹಗ್ಗವನ್ನು ಈ ರಾತ್ರಿಗೆ ನೆಚ್ಚಬಾರದು.

ಹಗ್ಗಗಳು ನಡುವೆ ಕಡಿಯುವುದಕ್ಕಿಂತ ಬೋಟಿನ ಅಂಚಿಗೋ ಕಾಂಕ್ರೀಟಿನ ಮೂಲೆಗೋ ಉಜ್ಜುವಲ್ಲಿ ಸವೆದು ಕಡಿಯುವುದೇ ಹೆಚ್ಚು. ಅಂಥ ಜಾಗಗಳಿಗೆಲ್ಲ ಹಳೆಯ ರಬ್ಬರ್ ಪೈಪನ್ನು ಸೀಳಿ ತೊಡಿಸಿ ಕಟ್ಟಬೇಕು. ಬೋಟುಗಳ ನಡುವೆ ಲಾರಿ ಟೈರುಗಳನ್ನು ಧಾರಾಳವಾಗಿ ಇಳಿಬಿಡಬೇಕು. ಫೈಬರ್ ಬೋಟಿನ ಪಕ್ಕ ಉಕ್ಕಿನ ಬೋಟು ನಿಂತಿದ್ದರೆ ಟೈರುಗಳು ಇನ್ನೂ ಹೆಚ್ಚಿರಲಿ. ಸಾಲಿನಲ್ಲಿ ಬೋಟುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು, ಹೊರಗಿನ ಬೋಟಿನಿಂದಲೂ ನೇರವಾಗಿ ದಡಕ್ಕೆ ಹಗ್ಗ ಇರಲೇಬೇಕು. ಮೇ ತಿಂಗಳ ಕೊನೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಜೂನ್ 1ರ ಮೀನುಗಾರಿಕಾ ನಿಷೇಧಕ್ಕಾಗಿ ಬೋಟುಗಳೆಲ್ಲ ಮರಳಿ ಬಂದರು ಕಿಕ್ಕಿರಿದಿರುತ್ತದೆ.

ಲಂಗರಿನ ಮೇಲೆಯೇ ನಿಲ್ಲಿಸಬೇಕಾಗಿ ಬಂದರೆ, ಏರಬಹುದಾದ ನೀರನ್ನೂ ನೀರಿನಿಂದ ಮೂತಿಗಿರುವ ಎತ್ತರವನ್ನೂ ಸೇರಿಸಿದ ಆಳದ ಕನಿಷ್ಠ ಏಳರಷ್ಟು ಉದ್ದಕ್ಕೆ ಹಗ್ಗ ಬಿಡಬೇಕು. ಈಗ 4 ಮೀಟರ್ ಆಳವಿದ್ದು, ನೀರಿನಿಂದ ಬೋಟಿನ ಮೂತಿಗೆ 1 ಮೀಟರ್ ಎತ್ತರವಿದ್ದು, ಇನ್ನೂ 1 ಮೀಟರ್ ನೀರು ಏರುವ ನಿರೀಕ್ಷೆಯಿದ್ದರೆ, 42 ಮೀಟರ್ ಬೇಕು. ಲಂಗರಿನ ಹತ್ತಿರದ ಭಾಗ ಸರಪಳಿಯಾಗಿದ್ದರೆ ಅದು ತಳದಲ್ಲಿ ಮಲಗಿ ಲಂಗರನ್ನು ಕೀಳಗೊಡುವುದಿಲ್ಲ.

ಬೋಟಿನ ಮೇಲೆ ಮತ್ತು ಒಳಗೆ

ಬಲೆ, ಟಾರ್ಪಾಲು, ಪ್ಲಾಸ್ಟಿಕ್ ಡಬ್ಬಿ, ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್, ಬಿಡಿ ಡೀಸೆಲ್ ಕ್ಯಾನುಗಳನ್ನು ದಡಕ್ಕೆ ಸಾಗಿಸಬೇಕು. ಗಾಳಿ ಹಿಡಿಯುವ ವಸ್ತುಗಳು ಕಡಿಮೆಯಾದಷ್ಟೂ ಹಗ್ಗದ ಮೇಲಿನ ಭಾರ ಇಳಿಯುತ್ತದೆ. ಕ್ಯಾಬಿನ್ನಿನ ಬಾಗಿಲು ಮತ್ತು ಮೀನು ತುಂಬುವ ಕೋಣೆಯ ಮುಚ್ಚಳಗಳನ್ನು ಭದ್ರಪಡಿಸಿ, ಡೆಕ್ಕಿನ ನೀರು ಹೊರಹೋಗುವ ರಂಧ್ರಗಳಲ್ಲಿ ಕಸ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಸಮುದ್ರದ ನೀರನ್ನು ಎಂಜಿನ್ನಿಗೆಳೆಯುವ ವಾಲ್ವುಗಳನ್ನು ಮುಚ್ಚಬೇಕು. ತಳದ ನೀರನ್ನು ಪೂರ್ತಿ ಹೊರಹಾಕಿ, ಪಂಪಿನ ಬ್ಯಾಟರಿಗೆ ಚಾರ್ಜ್ ತುಂಬಿಸಿಡಬೇಕು. ಪರವಾನಗಿ, ವಿಮೆ ಪತ್ರಗಳನ್ನು ಮನೆಗೆ ಒಯ್ದು, ಬೋಟು ಕಟ್ಟಿದ ರೀತಿಯ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಪರಿಹಾರ ಕೇಳುವಾಗ ಅನುಕೂಲ.

ನಾಡದೋಣಿಗಳನ್ನು ನೀರಿನಲ್ಲಿ ಬಿಡಲೇಬಾರದು. ಎಂಜಿನ್ ಬಿಚ್ಚಿ ಮನೆಗೆ ಒಯ್ದು, ದೋಣಿಯನ್ನು ಮಳೆಗಾಲದ ಅಲೆ ಮುಟ್ಟುವ ಗೆರೆಗಿಂತ ಮೇಲಕ್ಕೆಳೆದು, ತಳದ ಬಿರಡೆ ತೆಗೆದು, ಗಟ್ಟಿಯಾದ ಗೂಟಕ್ಕೆ ಎರಡೂ ತುದಿಗಳಿಂದ ಕಟ್ಟಬೇಕು. ತೆಂಗಿನ ಮರದ ಬುಡ ಕಟ್ಟಲು ಅನುಕೂಲವೆನಿಸಿದರೂ, ಮೇಲಿನಿಂದ ಕಾಯಿ, ಸೋಗೆ ಬೀಳುವುದನ್ನು ಮರೆಯಬಾರದು.

ಇಷ್ಟೆಲ್ಲ ಮಾಡಿದ ಮೇಲೆ ಬೋಟಿನಲ್ಲಿ ಕಾವಲಿಗೆಂದು ಯಾರೂ ಉಳಿಯಬಾರದು; ಈ ಮಾತಿಗೆ ವಿನಾಯಿತಿ ಇಲ್ಲ. ತೌಕ್ತೆಯ ವೇಳೆ ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಲುಕಿದ ಟಗ್ಗಿನಿಂದ (ಹಡಗು ಎಳೆಯುವ ಬೋಟಿನಿಂದ) ಒಂಬತ್ತು ಮಂದಿಯನ್ನು ಹೊರತರಲು ಹೆಲಿಕಾಪ್ಟರನ್ನೂ ಬಳಸಬೇಕಾಯಿತು. ನಡುರಾತ್ರಿ ಹಗ್ಗ ಕಡಿದರೆ ಒಬ್ಬ ಕಲಾಸಿ (ಬೋಟಿನ ಕೆಲಸಗಾರ) ಅದನ್ನು ಹಿಡಿದು ನಿಲ್ಲಿಸಲಾರ. ಯಾರಾದರೂ ಸಮುದ್ರದಲ್ಲಿ ಸಿಲುಕಿದ್ದರೆ ಕರಾವಳಿ ಕಾವಲು ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ಕರೆ ಮಾಡಬೇಕು.

ಗಾಳಿ ಇಳಿದ ಮೇಲೂ ಬಂದರಿನ ಸಂಕೇತ ಕೆಳಗಿಳಿಯುವವರೆಗೆ ಹಗ್ಗ ಬಿಚ್ಚಬಾರದು. ಬಂದರಿನ ನೀರಿನಲ್ಲಿ ಕಡಿದ ಹಗ್ಗ, ಬಲೆಯ ತುಂಡುಗಳು ತೇಲುತ್ತಿರುತ್ತವೆ. ಅವು ಬೋಟನ್ನು ಮುಂದೂಡುವ ತಳದ ಫ್ಯಾನಿಗೆ ಸುತ್ತಿಕೊಂಡಿಲ್ಲವೆಂದು ನೋಡಿ, ತಳದಲ್ಲಿ ನೀರು ಹೆಚ್ಚಿಲ್ಲವೆಂದು ಖಚಿತಪಡಿಸಿಕೊಂಡು, ಮುಚ್ಚಿದ್ದ ವಾಲ್ವುಗಳನ್ನು ತೆರೆದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು.