ನೈಟ್ರಿಕ್ ಬಿಟ್ಟ ಮೇಲೆ

ಹುಬ್ಬಳ್ಳಿ ವಿದ್ಯಾನಗರದ ಸಣ್ಣ ಲ್ಯಾಬಿನಲ್ಲಿ ಹಿಸ್ಟೋ ಟೇಬಲ್, ಅಂದರೆ ರೋಗಿಯ ಅಂಗಾಂಶದ ತುಂಡಿನಿಂದ ಸ್ಲೈಡ್ ಮಾಡೋ ಕೆಲಸ, ನನ್ನದು. ಎಲುಬಿನ ಬಯಾಪ್ಸಿ ಬಂದರೆ ಮೊದಲು ನಾವೂ ಎಲ್ಲರ ಹಾಗೆ ಸುಣ್ಣ ಕರಗಿ ಮೆತ್ತಗಾಗಲಿ ಅಂತ 5 ಪರ್ಸೆಂಟ್ ನೈಟ್ರಿಕ್ ಆಸಿಡ್‌ಗೆ ಹಾಕಿ ಮರುದಿನ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡ್ತಿದ್ದೆವು. ರಿಪೋರ್ಟ್ ಬೇಗ ಹೋಗ್ತಿತ್ತು, ಎಲ್ಲರಿಗೂ ಖುಷಿ.

ಆಮೇಲೆ ಗದಗ ಕಡೆಯ ಹುಡುಗನೊಬ್ಬನ ಕೇಸ್ ಬಂತು. ತೊಡೆ ಎಲುಬು ಊದಿತ್ತು, ಜ್ವರವೂ ಇತ್ತು. ಎಂಆರ್‌ಐ ಆಗಿದ್ದರೂ ಕೀವೋ ಈವಿಂಗ್ ಸಾರ್ಕೋಮಾ ಅನ್ನೋ ಎಲುಬಿನ ಕ್ಯಾನ್ಸರೋ ಅಂತ ಅದರಲ್ಲೇ ತೀರ್ಮಾನ ಆಗಲ್ಲ, ಅಲ್ವಾ? ಸ್ಲೈಡಲ್ಲಿ ಸಣ್ಣ, ದುಂಡನೆಯ ನೀಲಿ ಕೋಶಗಳು ಕಂಡವು. ಖಚಿತ ಮಾಡ್ಕೊಳ್ಳೋಕೆ ಕೋಶದ ಡಿಎನ್‌ಎ ಬದಲಾವಣೆ ಹುಡುಕೋ ಫಿಶ್ ಟೆಸ್ಟಿಗೆ ಬ್ಲಾಕ್ ಹೊರಗೆ ಕಳಿಸಿದೆವು. ಎಂಟೋ ಒಂಬತ್ತೋ ಸಾವಿರ. ಉತ್ತರ ಒಂದೇ ಸಾಲು: ಸಿಗ್ನಲ್ ಇಲ್ಲ, ಬೇರೆ ತುಂಡು ಕಳಿಸಿ. ಆಸಿಡ್ ಡಿಎನ್‌ಎ ತಿಂದು ಹಾಕಿತ್ತು. ಹುಡುಗನಿಗೆ ಮತ್ತೆ ಸೂಜಿ. ಅವರಪ್ಪ ಕೌಂಟರ್ ಹತ್ತಿರ ನಿಂತು ಹಳೇ ರಸೀದಿ ಮಡಚ್ತಾ ಬಿಚ್ತಾ ಇದ್ದರು. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಸಲ ಮೆತ್ತನೆ ಭಾಗಕ್ಕೆ ಆಸಿಡ್ ಮುಟ್ಟಿಸಲಿಲ್ಲ. ಟೆಸ್ಟ್ ಆಯ್ತು, ಈವಿಂಗೇ.

ಗಟ್ಟಿ ತುಂಡಿಗೆ ಆಸಿಡ್ ಬದಲು ಇಡಿಟಿಎ ಹಾಕೋಣ ಅಂದೆ. ಡಿಎನ್‌ಎ ಕೆಡಿಸದೆ ನಿಧಾನವಾಗಿ ಸುಣ್ಣ ತೆಗೆಯೋ ಪುಡಿ ಅದು. "ಅಷ್ಟು ದಿನ ಯಾರ್ ಕಾಯ್ತಾರಪಾ?" ಅಂತ ಓನರ್. ಸೀನಿಯರ್ ಒಬ್ಬರು ಸುಮ್ನೆ ನಕ್ಕರು. ಮೊದಲ ಸಲ ಅವರು ನಕ್ಕಿದ್ದೇ ಸರಿ ಆಯ್ತು. ಪುಡಿ ಕರಗದೆ ಸುಣ್ಣದ ನೀರಿನ ಹಾಗೆ ಕೂತಿತ್ತು. ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಏರಿಸಬೇಕು ಅಂತ ಗೊತ್ತಾಗೋದರಲ್ಲಿ ಅರ್ಧ ಕೆಜಿ ಡಬ್ಬಿ ಖಾಲಿ. ಸಾವಿರದ ಹತ್ತಿರ, ನನ್ನ ಜೇಬಿಂದಲೇ. ಎರಡನೇ ಸಲ ವಾರ ಕಳೆದರೂ ತುಂಡು ಕಲ್ಲು, ತೆಳು ಪದರ ಕೊಯ್ಯೋ ಮೈಕ್ರೋಟೋಮ್ ಬ್ಲೇಡಿನ ಬಾಯಿ ಹೋಯ್ತು. ಸಣ್ಣ ಡಬ್ಬಿಯಲ್ಲಿ ಒಂಚೂರೇ ದ್ರಾವಣ ಹಾಕಿ ಮರೆತಿದ್ದೆ.

ಆಮೇಲೆ ಮಟನ್ ಅಂಗಡಿಯಿಂದ ಹಸಿ ಎಲುಬು ತಂದು ಕೈ ಪಳಗಿಸಿದೆ. ದ್ರಾವಣ ಅಲ್ಲಾಡಲಿ ಅಂತ ಮೀನಿನ ತೊಟ್ಟಿಯ ಪಂಪ್ ಇಟ್ಟು ಗುಳ್ಳೆ ಬಿಟ್ಟೆ. ತುಂಡುಗಳೆಲ್ಲ ನೊರೆಯ ಜೊತೆ ಮೇಲೆದ್ದು ಮುಚ್ಚಳಕ್ಕೆ ಅಂಟಿ ಒಣಗಿದವು! ಮೈಕ್ರೋವೇವ್ ಕತೆ ಕೇಳಲೇಬೇಡಿ, ಲ್ಯಾಬ್ ತುಂಬ ಸಾರಿನ ವಾಸನೆ.

ಈಗ ಮಾಡೋದು ಇಷ್ಟು. ತುಂಡು ಕೆಡದ ಹಾಗೆ ಫಾರ್ಮಲಿನ್‌ನಲ್ಲಿ ಪೂರ್ತಿ ಒಂದು ದಿನ. ತುಂಡು ನೋಡಿ ಕತ್ತರಿಸೋ ಹಂತ, ಅಂದರೆ ಗ್ರಾಸಿಂಗ್‌ನಲ್ಲೇ ಮೆತ್ತನೆ ಭಾಗ ಬ್ಲೇಡ್ ತುದಿಯಿಂದ ಬಿಡಿಸಿ ನೇರ ಪ್ರೊಸೆಸಿಂಗ್‌ಗೆ. ಅದರ ಸ್ಲೈಡ್ ಮೊದಲೇ ಡಾಕ್ಟರ ಕೈಗೆ ಹೋಗೋದರಿಂದ ಉಳಿದದ್ದಕ್ಕೆ ಯಾರೂ ಗಲಾಟೆ ಮಾಡಲ್ಲ. ಗಟ್ಟಿ ತುಂಡು ಮಾತ್ರ 14 ಪರ್ಸೆಂಟ್ ಇಡಿಟಿಎಗೆ, ಪಿಎಚ್ 7.2ರಿಂದ 7.4. ತುಂಡಿನ ಇಪ್ಪತ್ತು ಪಟ್ಟು ದ್ರಾವಣ, ದಿನಾ ಬದಲಾವಣೆ, 37 ಡಿಗ್ರಿ ಇನ್‌ಕ್ಯುಬೇಟರ್. ಸೂಜಿ ಬಯಾಪ್ಸಿ ತುಂಡಾದರೆ ಮೂರ್ನಾಲ್ಕು ದಿನ ಸಾಕು. ಸುಣ್ಣ ಪೂರ್ತಿ ಹೋಯ್ತೇನೋ ಅಂತ ಸೂಜಿ ಚುಚ್ಚಿ ನೋಡಬೇಡಿ, ಕೋಶ ಜಜ್ಜಿ ಹೋಗ್ತವೆ. ಮೆತ್ತನೇದು ಸಿಕ್ತು ಅಂತ ಗಟ್ಟಿ ತುಂಡನ್ನ ಎಸೆಯಲೂಬೇಡಿ. ಆಸ್ಟಿಯೋಸಾರ್ಕೋಮಾ (ಎಲುಬಿನ ಇನ್ನೊಂದು ಕ್ಯಾನ್ಸರ್) ಅನ್ನಬೇಕಾದರೆ ಗೆಡ್ಡೆಯ ಕೋಶಗಳೇ ಆಸ್ಟಿಯಾಯ್ಡ್, ಅಂದರೆ ಇನ್ನೂ ಸುಣ್ಣ ಕೂರದ ಹಸಿ ಎಲುಬು, ಹಾಕಿರೋದು ಕಾಣಬೇಕು. ಎಷ್ಟೋ ಸಲ ಅದು ಸಿಗೋದು ಅಲ್ಲೇ.

ಕೇಸಿಗೆ ನೂರು ರೂಪಾಯಿಯೂ ಜಾಸ್ತಿ ಬೀಳಲ್ಲ. ಮೂವತ್ತರ ಹತ್ತಿರ ಕೇಸ್ ಆಗಿವೆ, "ಬೇರೆ ತುಂಡು ಕಳಿಸಿ" ಅಂತ ಒಂದೂ ವಾಪಸ್ ಬಂದಿಲ್ಲ. ನಕ್ಕಿದ್ದ ಸೀನಿಯರ್ ಹೋದ ತಿಂಗಳು ಫೋನ್ ಮಾಡಿ ಅಳತೆ ಬರಕೊಂಡರು. ತುಂಡು ಮೇಲೇಳದ ಹಾಗೆ ದ್ರಾವಣ ಅಲ್ಲಾಡಿಸೋಕೆ ಈಗ ಏನು ಇಟ್ಟಿದ್ದೀನಿ ಅಂತ ಮಾತ್ರ ಹೇಳಿಲ್ಲ. ಹುಬ್ಬಳ್ಳಿಗೆ ಬಂದು ಗಿರ್ಮಿಟ್ ಕೊಡಿಸಲಿ, ಆಮೇಲೆ ನೋಡೋಣ.