ಹಳೇ ಕಾಲದ ಮಿನಿಸೀರೀಸ್ ನೋಡಿದ್ಮೇಲೆ ಅಭಿಪ್ರಾಯ ಬರೆಯೋದು ಹೇಗೆ

ಪೀರಿಯಡ್ ಡ್ರಾಮಾ ನೋಡಿದ್ಮೇಲೆ ಜನ ಬರೆಯೋದು ಹೆಚ್ಚುಕಮ್ಮಿ ಎರಡೇ ಥರ, "ಸೂಪರ್, ಮಿಸ್ ಮಾಡ್ಬೇಡಿ" ಅಂತ ಒಂದು, "ಇತಿಹಾಸನೇ ಹಾಳ್ ಮಾಡಿದಾರೆ" ಅಂತ ಇನ್ನೊಂದು, ಎರಡನ್ನ ಓದಿದ್ರೂ ನೋಡ್ಬೇಕಾ ಬೇಡ್ವಾ ಅಂತ ಮಾತ್ರ ಗೊತ್ತಾಗಲ್ಲ.

ಮೊದಲು ಪೂರ್ತಿ ನೋಡಿ. ಇರೋದೇ ಐದಾರು ಎಪಿಸೋಡು, ಮೊದಲ್ನೇದು ಯಾರು ಯಾರಿಗೆ ಏನಾಗ್ಬೇಕು ಅಂತ ಹೇಳೋದ್ರಲ್ಲೇ ಮುಗಿದು ಹೋಗುತ್ತೆ. ನಾನೂ ಒಂದ್ಸಲ ಅಷ್ಟಕ್ಕೇ ಬೋರು ಅಂತ ಬರೆದು, ನಾಲ್ಕನೇದು ನೋಡಿದ್ಮೇಲೆ ಸುಮ್ನೆ ಡಿಲೀಟ್ ಮಾಡಿದೀನಿ.

ಆಮೇಲೆ ಮುಖ್ಯವಾದ ಕೆಲಸ, ಗೊತ್ತಿಲ್ದೆ ಆಗಿರೋ ತಪ್ಪು ಯಾವ್ದು, ಬೇಕಂತಲೇ ಮಾಡಿರೋ ಬದಲಾವಣೆ ಯಾವ್ದು ಅಂತ ಬೇರೆ ಮಾಡ್ಕೊಳ್ಳೋದು. 2019ರ ಚೆರ್ನೋಬಿಲ್ ತಗೊಳ್ಳಿ, ಸೋವಿಯತ್ ಅಣು ವಿದ್ಯುತ್ ಸ್ಥಾವರದಲ್ಲಿ ರಿಯಾಕ್ಟರ್ ಸ್ಫೋಟ ಆಗಿದ್ದರ ಕಥೆ, ಐದು ಎಪಿಸೋಡು. ಅದ್ರಲ್ಲಿ ಬರೋ ವಿಜ್ಞಾನಿ ಉಲಾನಾ ಖೊಮ್ಯುಕ್ ಅನ್ನೋರು ಇರ್ಲೇ ಇಲ್ಲ, ತುಂಬಾ ಜನ ವಿಜ್ಞಾನಿಗಳನ್ನ ಸೇರಿಸಿ ಒಂದು ಪಾತ್ರ ಮಾಡಿದಾರೆ, ಅದನ್ನ ಕೊನೇಲಿ ಅವ್ರೇ ಹೇಳ್ತಾರೆ, ಹಾಗಾಗಿ "ಸಿಕ್ಕಿಬಿದ್ರು" ಅಂತ ಬರೆದ್ರೆ ನಗೆಪಾಟಲಾಗೋದು ನೀವೇ. ಹೆಲಿಕಾಪ್ಟರ್ ಬೀಳೋದನ್ನ ಸ್ಫೋಟ ಆದ ಒಂದೆರಡು ದಿನದಲ್ಲೇ ತೋರಿಸ್ತಾರೆ, ನಿಜವಾಗಿ ಸ್ಫೋಟ 1986ರ ಏಪ್ರಿಲ್ 26ಕ್ಕೆ, ಹೆಲಿಕಾಪ್ಟರ್ ಬಿದ್ದಿದ್ದು ಅಕ್ಟೋಬರ್‌ನಲ್ಲಿ. ಸೀರೀಸಿನ ಮುಖ್ಯ ಪಾತ್ರ ಲೆಗಾಸೊವ್ ನಿಜವಾಗಿ ಇದ್ದ ವಿಜ್ಞಾನಿ, ಆದ್ರೆ ಸ್ಥಾವರದ ಅಧಿಕಾರಿಗಳ ಮೇಲೆ 1987ರಲ್ಲಿ ನಡೆದ ಕೋರ್ಟ್ ವಿಚಾರಣೇಲಿ ಅವ್ರು ಇರ್ಲೇ ಇಲ್ಲ, ಸೀರೀಸಲ್ಲಿ ಮಾತ್ರ ಕ್ಲೈಮ್ಯಾಕ್ಸ್ ಪೂರ್ತಿ ಅವ್ರ ಮಾತಿನ ಮೇಲೇ ನಿಂತಿದೆ. ಇಂಥದ್ದು ಕಂಡಾಗ "ಸುಳ್ಳು" ಅಂತ ಬರೆದು ನಿಲ್ಲಿಸ್ಬೇಡಿ, ಆ ಬದಲಾವಣೆಯಿಂದ ಕಥೆಗೆ ಏನ್ ಸಿಕ್ತು, ಏನ್ ಹೋಯ್ತು ಅಂತ ಬರೀರಿ. ನನ್ ಪ್ರಕಾರ ಆ ಕೋರ್ಟ್ ಸೀನಿಂದ ರಿಯಾಕ್ಟರ್ ಯಾಕೆ ಸಿಡೀತು ಅನ್ನೋದು ಫಿಸಿಕ್ಸ್ ಗೊತ್ತಿಲ್ದೋರಿಗೂ ಅರ್ಥ ಆಗುತ್ತೆ, ಆದ್ರೆ ನಿಜವಾದ ಲೆಗಾಸೊವ್‌ಗಿಂತ ದೊಡ್ಡ ಹೀರೋನ ಮಾಡಿಟ್ಟಿದಾರೆ, ಎರಡೂ ನಿಜಾನೇ.

ಕಾದಂಬರಿ ಆಧಾರಿತ ಆಗಿದ್ರೂ ಇದೇ ಲೆಕ್ಕ. 1995ರ ಪ್ರೈಡ್ ಆಂಡ್ ಪ್ರೆಜುಡಿಸ್ ಸೀರೀಸಲ್ಲಿ ನಾಯಕ ಡಾರ್ಸಿ ಕೆರೆಗೆ ಹಾರೋ ಸೀನು 1813ರ ಪುಸ್ತಕದಲ್ಲಿ ಇಲ್ವೇ ಇಲ್ಲ, ಆದ್ರೂ ಜನಕ್ಕೆ ನೆನಪಿರೋದು ಅದೇ! ಪುಸ್ತಕ ಹೆಚ್ಚಾಗಿ ನಾಯಕಿ ಎಲಿಜಬೆತ್ ಕಣ್ಣಲ್ಲೇ ನಡೆಯುತ್ತೆ, ಸೀರೀಸು ಡಾರ್ಸಿ ಒಬ್ನೇ ಇದ್ದಾಗ ಹೇಗಿರ್ತಾನೆ ಅಂತಾನೂ ತೋರಿಸಿ ಅವ್ನ ಮೇಲೆ ಬೇಗ ಪ್ರೀತಿ ಬರೋ ಹಾಗ್ ಮಾಡುತ್ತೆ. ಪುಸ್ತಕ ಓದಿರೋರು ನೀವಾದ್ರೆ ಅದನ್ನ ಮೊದಲೇ ಹೇಳ್ಬಿಡಿ, ಓದಿರೋರ ಕಣ್ಣೇ ಬೇರೆ.

ಬಟ್ಟೆ, ಸೆಟ್ಟು "ಅದ್ಭುತ" ಅಂತ ಒಂದು ಲೈನ್ ಸಾಕು, ಕಣ್ಣಿಗೆ ಚುಚ್ಚಿದ್ರೆ ಮಾತ್ರ ಎರಡು.

ಸ್ಪಾಯ್ಲರ್ ವಿಷ್ಯ ಸ್ವಲ್ಪ ಗೊಂದಲ. ರಿಯಾಕ್ಟರ್ ಸಿಡಿಯುತ್ತೆ ಅಂದ್ರೆ ಯಾರೂ ಬೈಯಲ್ಲ, ಅದು ಊರಿಗೆಲ್ಲ ಗೊತ್ತು. ಆದ್ರೆ ಬೆಂಕಿ ಆರಿಸೋಕೆ ಹೋದ ಗಂಡನ್ನ ಹುಡುಕ್ಕೊಂಡು ಹೋಗೋ ಹೆಂಡ್ತಿ ಕಥೆ ಏನಾಯ್ತು ಅಂತ ಬರೆಯೋಕ್ ಮುಂಚೆ "ಪೂರ್ತಿ ನೋಡಿರೋರು ಮಾತ್ರ ಓದಿ" ಅಂತ ಒಂದು ಲೈನ್ ಹಾಕಿ.