ಮನೆಯನ್ನು ಪಾಲು ಮಾಡಲು ಆಗದಿದ್ದರೆ? 1893ರ ಕಾಯ್ದೆಯನ್ನು ಬಳಸುವುದು ಹೀಗೆ

ಅಪ್ಪ ಬಿಟ್ಟುಹೋದ ಮನೆ. ಸೈಟು 30–40. ಪಾಲುದಾರರು ನಾಲ್ವರು: ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 300 ಚದರಡಿ. ಆದರೆ ಬಾಗಿಲು ಒಂದೇ, ಮೆಟ್ಟಿಲು ಒಂದೇ, ನೀರಿನ ಸಂಪು ಒಂದೇ. ಗೋಡೆ ಎಲ್ಲಿ ಎಬ್ಬಿಸುವುದು? ಇಂಥ ಕಡೆ ಜಗಳ ಶುರುವಾದರೆ ಎಷ್ಟೋ ಮನೆಗಳು ಕೊನೆಗೆ ಸಿಕ್ಕಿದ ಬೆಲೆಗೆ ಹೊರಗಿನವರ ಪಾಲಾಗುತ್ತವೆ. ಹಾಗಾಗಬೇಕಿಲ್ಲ. ಇದಕ್ಕೆಂದೇ ಒಂದು ಹಳೆಯ ಕಾನೂನು ಇದೆ.

ಅದು 1893ರ ಪಾರ್ಟಿಷನ್ ಆಕ್ಟ್, ಅಂದರೆ ವಿಭಾಗ ಕಾಯ್ದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ಚಾಲ್ತಿಯಲ್ಲಿದೆ. ಒಟ್ಟು 10 ಕಲಂ ಅಷ್ಟೇ. ಸರ್ಕಾರದ ಇಂಡಿಯಾ ಕೋಡ್ ವೆಬ್‌ಸೈಟ್‌ನಲ್ಲಿ ಇದು ಉಚಿತವಾಗಿ ಸಿಗುತ್ತದೆ. ವಕೀಲರ ಹತ್ತಿರ ಹೋಗುವ ಮೊದಲು ವಿಭಾಗ ಕಾಯ್ದೆಯನ್ನು ಒಂದು ಸಲ ಓದಿಬಿಡಿ, ಅರ್ಧ ಗಂಟೆ ಸಾಕು.

ಈ ಕಾಯ್ದೆ ಬರುವ ಮೊದಲು ಪಾಲು ಕೇಳಿದರೆ ಕೋರ್ಟು ಪಾಲು ಮಾಡಿಯೇ ಕೊಡಬೇಕಿತ್ತು. ತುಂಡು ಮಾಡಿದರೆ ಯಾರಿಗೂ ಉಪಯೋಗಕ್ಕೆ ಬಾರದ ಆಸ್ತಿಯಾದರೂ, ಎಲ್ಲರೂ ಒಪ್ಪದಿದ್ದರೆ ಮಾರಿ ಹಣ ಹಂಚುವ ಅಧಿಕಾರ ಅದಕ್ಕೆ ಇರಲಿಲ್ಲ. ಆ ಅಧಿಕಾರ ಕೊಟ್ಟದ್ದು 1893ರ ಕಾಯ್ದೆ.

ಮೊದಲು ಪಾಲುದಾರರ ಪಟ್ಟಿ

ವಂಶವೃಕ್ಷ ಮಾಡಿಸಿ. ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ಹಳೆಯ ಕ್ರಯಪತ್ರ ಜೋಡಿಸಿಟ್ಟುಕೊಳ್ಳಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ಪಿತ್ರಾರ್ಜಿತದಲ್ಲಿ ಅವರಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಒಬ್ಬ ಪಾಲುದಾರರನ್ನು ಬಿಟ್ಟು ದಾವೆ ಹಾಕಿದರೆ ಅದು ಅಲ್ಲೇ ಕುಂಟುತ್ತದೆ. ಜಂಟಿ ಆಸ್ತಿಯೆಲ್ಲವನ್ನೂ ಒಂದೇ ದಾವೆಯಲ್ಲಿ ಸೇರಿಸಿ. ಎಲ್ಲರೂ ಒಪ್ಪಿದರೆ ದಾವೆಯೇ ಬೇಡ, ಪಾಲುಪತ್ರ ಬರೆಸಿ ನೋಂದಣಿ ಮಾಡಿಸಿದರೆ ಆಯಿತು.

ಒಪ್ಪಿಗೆ ಆಗಲಿಲ್ಲ ಅಂದುಕೊಳ್ಳಿ. ಆಗ ಸಿವಿಲ್ ಕೋರ್ಟಿನಲ್ಲಿ ವಿಭಾಗ ದಾವೆ. ಯಾರಿಗೆ ಎಷ್ಟು ಪಾಲು ಎಂದು ಪ್ರಾಥಮಿಕ ಡಿಕ್ರಿ, ಅಂದರೆ ಕೋರ್ಟಿನ ಮೊದಲ ಹಂತದ ತೀರ್ಮಾನ, ಆಗುತ್ತದೆ. ಆಮೇಲೆ ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳತೆ ಮಾಡಿ, ಭಾಗ ಮಾಡಲು ಆಗುತ್ತದೋ ಇಲ್ಲವೋ ನೋಡುತ್ತಾರೆ. ಅವರು ಬರುವ ದಿನ ನೀವು ಅಲ್ಲಿರಲೇಬೇಕು. ಸಂಪು, ಮೆಟ್ಟಿಲು, ಓಣಿ, ಎಲ್ಲವೂ ನಕ್ಷೆಯಲ್ಲಿ ಬಂತಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸಿ.

ಮಾರಾಟ ಕೇಳುವವರು, ಉಳಿಸಿಕೊಳ್ಳುವವರು

ಇಲ್ಲಿಂದ ಮುಂದೆ ತುಂಬಾ ಎಚ್ಚರ ಬೇಕು. ಭಾಗ ಮಾಡುವುದು ಕಷ್ಟ, ಮಾರಿದರೇ ಎಲ್ಲರಿಗೂ ಹೆಚ್ಚು ಲಾಭ ಎಂದು ಕೋರ್ಟಿಗೆ ಅನ್ನಿಸಿದರೆ 2ನೇ ಕಲಂ ಪ್ರಕಾರ ಮಾರಾಟಕ್ಕೆ ಆದೇಶಿಸಬಹುದು. ಆದರೆ ಅದನ್ನು ಕೇಳುವವರ ಪಾಲು ಒಟ್ಟು ಅರ್ಧದಷ್ಟಾದರೂ ಇರಬೇಕು. ನಮ್ಮ ಉದಾಹರಣೆಯಲ್ಲಿ ಕಾಲುಪಾಲಿನ ಒಬ್ಬ ಅಣ್ಣ ಕೇಳಿದರೆ ಸಾಲದು, ಇಬ್ಬರು ಸೇರಬೇಕು.

ಇಬ್ಬರು ಸೇರಿ ಮಾರಾಟ ಕೇಳಿದರು. ಇನ್ನಿಬ್ಬರಿಗೆ ಮನೆ ಬೇಕು. ಆಗ ಅವರು ಸುಮ್ನೆ ಕೂರಬಾರದು, 3ನೇ ಕಲಂ ಕೆಳಗೆ ಅರ್ಜಿ ಹಾಕಬೇಕು: "ಮಾರಾಟ ಕೇಳಿದವರ ಪಾಲನ್ನು ಕೋರ್ಟ್ ಕಟ್ಟಿದ ಬೆಲೆಗೆ ನಾವೇ ಕೊಳ್ಳುತ್ತೇವೆ" ಎಂದು. ಅರ್ಜಿ ಬಂದರೆ ಕೋರ್ಟು ಬೆಲೆ ಕಟ್ಟಿಸಿ, ಆ ಪಾಲನ್ನು ಅವರಿಗೇ ಕೊಡಲು ಮುಂದಾಗಬೇಕು. ಇಬ್ಬರು ಬೇರೆ ಬೇರೆಯಾಗಿ ಕೇಳಿದರೆ, ಕಟ್ಟಿದ ಬೆಲೆಗಿಂತ ಜಾಸ್ತಿ ಕೊಡುವವರಿಗೆ ಸಿಗುತ್ತದೆ. ಅರ್ಜಿ ಹಾಕಿ ಆಮೇಲೆ ಯಾರೂ ಕೊಳ್ಳದಿದ್ದರೆ ಆ ಅರ್ಜಿಯ ಖರ್ಚೆಲ್ಲ ಹಾಕಿದವರ ಮೇಲೇ ಬೀಳುತ್ತದೆ. ಹಾಗಾಗಿ ಬ್ಯಾಂಕ್ ಸಾಲದ ವಿಚಾರ ಮೊದಲೇ ಮಾತಾಡಿಟ್ಟುಕೊಳ್ಳಿ.

3ನೇ ಕಲಂ ಅರ್ಜಿ ಹಾಕಿದ ಮೇಲೆ ಮಾರಾಟ ಕೇಳಿದವರು "ನಮಗೆ ಮಾರಾಟ ಬೇಡ, ದಾವೆಯನ್ನೇ ವಾಪಸ್ ತಗೊಳ್ಳುತ್ತೇವೆ" ಎಂದು ಜಾರಿಕೊಳ್ಳುವ ಹಾಗಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಎಷ್ಟೋ ಜನ ಈ ಅರ್ಜಿಯ ವಿಷಯ ಗೊತ್ತಿಲ್ಲದೆ ಹರಾಜಿನ ತನಕ ಕಾಯುತ್ತಾರೆ, ಅದು ನೋಡಿದರೆ ಸಂಕಟವಾಗುತ್ತದೆ.

ಹರಾಜೇ ಆದರೂ ಆಸೆ ಬಿಡಬೇಡಿ. ಪಾಲುದಾರರೂ ಸವಾಲು ಕೂಗಬಹುದು. ಹೊರಗಿನವರೂ ನೀವೂ ಒಂದೇ ಮೊತ್ತ ಕೂಗಿದರೆ ಅದು ನಿಮ್ಮ ಸವಾಲು ಎಂದೇ ಲೆಕ್ಕ, 6ನೇ ಕಲಂ ಹಾಗೆ ಹೇಳುತ್ತದೆ.

ತಮ್ಮ ತನ್ನ ಪಾಲು ಮಾರಿಬಿಟ್ಟರೆ?

ಇದು 4ನೇ ಕಲಂ. ಒಟ್ಟು ಕುಟುಂಬದ ವಾಸದ ಮನೆಯಲ್ಲಿ ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಿದರು, ಆ ಹೊರಗಿನವರು ವಿಭಾಗ ಕೇಳಿ ಕೋರ್ಟಿಗೆ ಬಂದರು. ಆಗ ಕುಟುಂಬದ ಯಾವ ಪಾಲುದಾರರಾದರೂ "ಆ ಪಾಲನ್ನು ನಾನು ಕೊಳ್ಳುತ್ತೇನೆ" ಎಂದು ಒಪ್ಪಿಕೊಂಡರೆ, ಕೋರ್ಟು ಬೆಲೆ ಕಟ್ಟಿಸಿ ಅವರಿಗೇ ಕೊಡಿಸಬೇಕು. ಅಂತಿಮ ಡಿಕ್ರಿ ಆಗಿ ಅಮಲಿನ ಹಂತಕ್ಕೆ ಹೋದರೂ ಈ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಎರಡು ವಿಷಯ ನೆನಪಿಡಿ: ಅದು ವಾಸದ ಮನೆ ಆಗಿರಬೇಕು, ಮತ್ತು ಕೊಂಡವರೇ ಪಾಲು ಕೇಳಿರಬೇಕು. ಅವರು ಕೇಳದೆ ಸೀದಾ ಬಂದು ಒಂದು ಕೋಣೆಯಲ್ಲಿ ಕೂರಲು ನೋಡಿದರೆ? ಅದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಇದೆ. ಅದು ಹೊರಗಿನವರಿಗೆ ಜಂಟಿ ಸ್ವಾಧೀನದ ಹಕ್ಕು ಕೊಡುವುದಿಲ್ಲ.

ಜಮೀನಿದ್ದರೆ ದಾರಿ ಸ್ವಲ್ಪ ಬೇರೆ

ಕಂದಾಯ ಕಟ್ಟುವ ಜಮೀನಿನ ಪಾಲಿಗೆ ಬೇರೆಯೇ ಕಲಂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂಲ 54ನೇ ಕಲಂ ಪ್ರಕಾರ ಆ ಕೆಲಸ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿಯದ್ದು; ಆದರೆ ಕರ್ನಾಟಕ ಆ ಕಲಂಗೆ ತಿದ್ದುಪಡಿ ತಂದಿದೆ, ಇಲ್ಲಿ ಕೋರ್ಟೇ ಪಾಲು ಮಾಡುತ್ತದೆ, ಬೇಕಿದ್ದರೆ ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಅಥವಾ ಕಮಿಷನರ್ ವರದಿ ತರಿಸಿಕೊಳ್ಳುತ್ತದೆ. ಜಿಲ್ಲಾಧಿಕಾರಿ ಕೈಲಿ ಪಾಲು ಮಾಡಿಸುವ ಪದ್ಧತಿಯ ಬೇರು ಹಳೆಯದು: ಜಮೀನ್ದಾರಿ ಎಸ್ಟೇಟ್ ಒಡೆದರೆ ಸರ್ಕಾರದ ಕಂದಾಯ ತಪ್ಪಬಾರದು ಎಂದು ಬಂಗಾಳದಲ್ಲಿ ಕಲೆಕ್ಟರ್ ಕೈಲೇ ಪಾಲು ಮಾಡಿಸುತ್ತಿದ್ದರು, 1897ರ ಎಸ್ಟೇಟ್ಸ್ ಪಾರ್ಟಿಷನ್ ಆಕ್ಟ್ ಅದಕ್ಕೇ ಬಂದದ್ದು. ನಿಮ್ಮ ದಾವೆಯಲ್ಲಿ ಮನೆ, ಹೊಲ ಎರಡೂ ಇದ್ದರೆ ಹೊಲದ ಪಾಲಿಗೆ ಯಾರ ವರದಿ ತರಿಸುತ್ತಾರೆ ಎಂದು ವಕೀಲರನ್ನು ಕೇಳಿ. ಹೊಲದ ಪಾಲು ಆದ ಮೇಲೆ ಪೋಡಿ (ಸರ್ವೆ ದಾಖಲೆಯಲ್ಲಿ ನಿಮ್ಮ ಪಾಲನ್ನು ಬೇರೆ ಮಾಡುವುದು) ಮಾಡಿಸಿ, ಪಹಣಿಯಲ್ಲಿ ನಿಮ್ಮ ಹೆಸರು ಬರುವ ತನಕ ಬೆನ್ನುಹತ್ತಿ.